ಕೈದಿಗಳಿಗೆ ಎರಡನೇ ಬದುಕು ಕೊಟ್ಟ ಗವರ್ನರ್, ಆ ಜಮೀನು ಯಾರದ್ದಾಗಿತ್ತು?

2017ರ ಆಗಸ್ಟ್‌ನಲ್ಲಿ ಸಿಡ್ನಿಯ ಹೈಡ್ ಪಾರ್ಕಿನಲ್ಲಿದ್ದ ಒಂದು ಕಂಚಿನ ಪ್ರತಿಮೆಗೆ ಯಾರೋ ರಾತ್ರೋರಾತ್ರಿ ಬಣ್ಣ ಎರಚಿ ಹೋದರು. ಚರಿತ್ರೆಯನ್ನು ಅಳಿಸಬೇಡಿ ಅಂತ ಒಂದು ಕಡೆಯವರು ಕೂಗಾಡಿದರು, ಯಾರ ಚರಿತ್ರೆ ಅಂತ ಇನ್ನೊಂದು ಕಡೆಯವರು ಕೇಳಿದರು. ಪ್ರತಿಮೆ ಲಾಕ್ಲನ್ ಮ್ಯಾಕ್ವಾರಿಯದ್ದು. 1810ರಿಂದ 1821ರವರೆಗೆ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದವನು. ಆಸ್ಟ್ರೇಲಿಯಾದಲ್ಲಿ ಅವನ ಹೆಸರಿನ ನದಿ ಇದೆ, ಊರಿದೆ, ವಿಶ್ವವಿದ್ಯಾಲಯ ಇದೆ, ಬ್ಯಾಂಕೂ ಇದೆ.

ಮ್ಯಾಕ್ವಾರಿ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಪುಟ್ಟ ದ್ವೀಪ ಉಲ್ವಾದಲ್ಲಿ. ಬಡ ಮನೆತನ. ಹದಿಹರೆಯದಲ್ಲೇ ಸೈನ್ಯ ಸೇರಿದ. ಮೇಲೇರಲು ಬೇಕಾದ ದುಡ್ಡು, ಹೆಸರು ಎರಡನ್ನೂ ಸಂಪಾದಿಸಿದ್ದು ಭಾರತದಲ್ಲಿ. ನಮ್ಮ ಶ್ರೀರಂಗಪಟ್ಟಣಕ್ಕೆ 1792ರಲ್ಲೂ 1799ರಲ್ಲೂ ಮುತ್ತಿಗೆ ಹಾಕಿದ ಸೇನೆಯಲ್ಲಿ ಅವನಿದ್ದ. ಟಿಪ್ಪು ಬಿದ್ದ ಮೇಲೆ ಹಂಚಿಕೆಯಾದ ಲೂಟಿಯಲ್ಲಿ ಅವನಿಗೂ ಪಾಲು ಸಿಕ್ಕಿತು. 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಗುಲಾಮ ಹುಡುಗರನ್ನು ಕೊಂಡಿದ್ದ. ಅವರಲ್ಲೊಬ್ಬ, ಜಾರ್ಜ್ ಜಾರ್ವಿಸ್, ಒಡೆಯ ಸಾಯುವವರೆಗೂ ಅವನ ಸೇವೆಯಲ್ಲೇ ಇದ್ದ.

ಆಗ ನ್ಯೂ ಸೌತ್ ವೇಲ್ಸ್ ಅಂದರೆ ಬ್ರಿಟನ್ನಿನ ಬಯಲು ಜೈಲು. 1808ರಲ್ಲಿ ಅಲ್ಲಿನ ಸೈನ್ಯಾಧಿಕಾರಿಗಳೇ ದಂಗೆ ಎದ್ದು ಗವರ್ನರ್ ವಿಲಿಯಂ ಬ್ಲೈಯನ್ನು ಕೆಳಗಿಳಿಸಿದ್ದರು. ರಮ್ ವ್ಯಾಪಾರದಲ್ಲಿ ಕೊಬ್ಬಿದ್ದ ಆ ಪಡೆಯನ್ನು ವಾಪಸ್ ಕರೆಸಿ, ತನ್ನದೇ ರೆಜಿಮೆಂಟಿನ ಜೊತೆ ಮ್ಯಾಕ್ವಾರಿಯನ್ನು ಲಂಡನ್ ಕಳಿಸಿತು.

ಬಂದವನೇ ಮಾಡಿದ ಒಂದು ಕೆಲಸ ಅಲ್ಲಿನ ಶ್ರೀಮಂತರನ್ನು ಬೆಚ್ಚಿಬೀಳಿಸಿತು. ಶಿಕ್ಷೆ ಮುಗಿದ ಮೇಲೆ ಕೈದಿ ಕೈದಿಯಲ್ಲ, ಎಲ್ಲರಂತೆ ಪ್ರಜೆ ಅಂತ ಅವನು ತೀರ್ಮಾನಿಸಿದ. ಕಳ್ಳತನಕ್ಕೆ ಗಡಿಪಾರಾಗಿ ಬಂದಿದ್ದ ಆಂಡ್ರ್ಯೂ ಥಾಮ್ಸನ್, ಸಿಮಿಯನ್ ಲಾರ್ಡ್ ಇಬ್ಬರನ್ನೂ ಮ್ಯಾಜಿಸ್ಟ್ರೇಟ್ ಮಾಡಿದ. ನೌಕಾದಂಗೆಯಲ್ಲಿ ಶಿಕ್ಷೆಯಾಗಿದ್ದ ವೈದ್ಯ ವಿಲಿಯಂ ರೆಡ್‌ಫರ್ನ್ ಅವನ ಮನೆಯ ಊಟದ ಮೇಜಿನಲ್ಲಿ ಕೂರುತ್ತಿದ್ದ. ಫೋರ್ಜರಿ ಕೇಸಿನಲ್ಲಿ ಮರಣದಂಡನೆಯಿಂದ ಪಾರಾಗಿ ಬಂದ ಫ್ರಾನ್ಸಿಸ್ ಗ್ರೀನ್‌ವೇ ಸರ್ಕಾರಿ ವಾಸ್ತುಶಿಲ್ಪಿಯಾದ. ಅವನು ಕಟ್ಟಿದ ಹೈಡ್ ಪಾರ್ಕ್ ಬ್ಯಾರಕ್ಸ್ ಇವತ್ತು ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ವಸಾಹತಿನಲ್ಲಿ ನಾಣ್ಯದ ಬರ ಇದ್ದಾಗ ಮ್ಯಾಕ್ವಾರಿ 40,000 ಸ್ಪ್ಯಾನಿಷ್ ಬೆಳ್ಳಿ ನಾಣ್ಯ ತರಿಸಿ, ನಡುವೆ ತೂತು ಹೊಡೆಸಿ, ಒಂದನ್ನು ಎರಡು ನಾಣ್ಯ ಮಾಡಿಸಿದ. ಆ ಕೆಲಸ ಮಾಡಿದವನೂ ಖೋಟಾ ಹಣದ ಕೇಸಿನ ಕೈದಿಯೇ. 1817ರಲ್ಲಿ ಅಲ್ಲಿನ ಮೊದಲ ಬ್ಯಾಂಕ್ ಶುರುವಾಯಿತು. ಖಂಡಕ್ಕೆ ಆಸ್ಟ್ರೇಲಿಯಾ ಅನ್ನೋ ಹೆಸರೇ ಇರಲಿ ಅಂತ ಲಂಡನ್ನಿಗೆ ಬರೆದದ್ದೂ ಅದೇ ವರ್ಷ.

ಇಷ್ಟು ಓದಿದರೆ ಮೆಚ್ಚುಗೆ ಬರುತ್ತೆ. ಬರಬೇಕಾದ್ದೇ. ಒಮ್ಮೆ ತಪ್ಪು ಮಾಡಿದವರನ್ನು ಜೀವನಪೂರ್ತಿ ಅಪರಾಧಿ ಅಂತಲೇ ನೋಡೋ ನಮ್ಮ ಕಾಲಕ್ಕೂ ಅದು ದೊಡ್ಡ ಮಾತು.

ಆದರೆ ಬಿಡುಗಡೆಯಾದ ಕೈದಿಗೆ ಹೊಸ ಬದುಕು ಕಟ್ಟಿಕೊಳ್ಳಲು ಸರ್ಕಾರ ಕೊಡುತ್ತಿದ್ದದ್ದು ಏನು? ಜಮೀನು. ಒಂಟಿ ಗಂಡಸಿಗೆ ಸಾಮಾನ್ಯವಾಗಿ 30 ಎಕರೆ. ಆ ಜಮೀನು ಖಾಲಿ ಇರಲಿಲ್ಲ. ಸಿಡ್ನಿಯ ನೈಋತ್ಯಕ್ಕೆ ಧಾರವಲ್ ಜನ ಸಾವಿರಾರು ವರ್ಷಗಳಿಂದ ಬದುಕಿದ್ದರು. ಹೊಲಗಳು ಹಬ್ಬಿದಂತೆ ಅವರ ಬೇಟೆಯ ನೆಲ, ನೀರಿನ ದಾರಿ ಮುಚ್ಚುತ್ತಾ ಹೋಯಿತು. ಬರಗಾಲ ಬಂತು. ಜೋಳದ ಹೊಲಕ್ಕೆ ನುಗ್ಗಿದವರಿಗೆ ಗುಂಡು ಬಿತ್ತು, ಅವರೂ ತಿರುಗಿ ಹೊಡೆದರು. ಎರಡೂ ಕಡೆ ಹೆಣ ಬಿದ್ದವು.

1816ರ ಏಪ್ರಿಲ್‌ನಲ್ಲಿ ಮ್ಯಾಕ್ವಾರಿ ಸೈನ್ಯ ಕಳಿಸಿದ. ಸಿಕ್ಕವರನ್ನೆಲ್ಲ ಸೆರೆ ಹಿಡಿಯಿರಿ, ಎದುರು ನಿಂತರೆ ಅಥವಾ ಓಡಿದರೆ ಗುಂಡು ಹೊಡೆಯಿರಿ, ಸತ್ತ ಗಂಡಸರ ಹೆಣಗಳನ್ನು ಉಳಿದವರು ಹೆದರುವಂತೆ ಮರಕ್ಕೆ ತೂಗುಹಾಕಿ ಅನ್ನೋದು ಆದೇಶ. 17ರ ಬೆಳಗಿನ ಜಾವ, ಇನ್ನೂ ಕತ್ತಲಿದ್ದಾಗ, ಕ್ಯಾಪ್ಟನ್ ಜೇಮ್ಸ್ ವಾಲಿಸ್‌ನ ತುಕಡಿ ಅಪಿನ್ ಬಳಿ ಒಂದು ಬೀಡಿನ ಮೇಲೆ ಬಿತ್ತು. ಗುಂಡಿಗೆ ಸಿಕ್ಕಿ, ಕಮರಿಗೆ ಉರುಳಿ ಸತ್ತವರು ಕನಿಷ್ಠ 14 ಮಂದಿ. ಹೆಂಗಸರೂ ಮಕ್ಕಳೂ ಅದರಲ್ಲಿದ್ದರು. ಕನಬೈಗಲ್ ಅನ್ನೋ ಮುಖಂಡನ ಹೆಣವನ್ನು ಗುಡ್ಡದ ಮೇಲೆ ತೂಗುಹಾಕಿದರು. ಅವನ ತಲೆಬುರುಡೆ ಎಡಿನ್‌ಬರಾಕ್ಕೆ ಹೋಯಿತು. ಆಸ್ಟ್ರೇಲಿಯಾಕ್ಕೆ ಮರಳಿದ್ದು 1991ರಲ್ಲಿ. ಮುಂದಿನ ತಿಂಗಳೇ ಇನ್ನೊಂದು ಘೋಷಣೆ ಬಂತು: ಮೂಲನಿವಾಸಿಗಳು ಆಯುಧ ಹಿಡಿದು ಯಾವ ಊರಿನ, ಹೊಲದ ಒಂದು ಮೈಲಿಯೊಳಗೂ ಬರುವಂತಿಲ್ಲ.

ಇದೇ ಗವರ್ನರ್ ಅವರ ಮಕ್ಕಳಿಗೆ ಪ್ಯಾರಾಮ್ಯಾಟಾದಲ್ಲಿ ಶಾಲೆಯನ್ನೂ ತೆರೆದಿದ್ದ. ಅಪ್ಪ ಅಮ್ಮನಿಗೆ ಮಕ್ಕಳನ್ನು ನೋಡಲು ವರ್ಷಕ್ಕೊಂದು ದಿನ ಅವಕಾಶ.

ಮ್ಯಾಕ್ವಾರಿ ಅಧಿಕಾರ ಕಳೆದುಕೊಂಡದ್ದು ಅಪಿನ್‌ಗಾಗಿ ಅಲ್ಲ. ಕೈದಿಗಳನ್ನು ತಲೆ ಮೇಲೆ ಕೂರಿಸಿಕೊಂಡ, ಕಟ್ಟಡಗಳಿಗೆ ದುಡ್ಡು ಸುರಿದ ಅಂತ ದೊಡ್ಡ ಜಮೀನುದಾರರು ದೂರಿದರು. 1819ರಲ್ಲಿ ಲಂಡನ್ ಕಳಿಸಿದ ತನಿಖಾಧಿಕಾರಿ ಜಾನ್ ಬಿಗ್ ಆ ದೂರುಗಳನ್ನೇ ಎತ್ತಿಹಿಡಿದು ವರದಿ ಕೊಟ್ಟ. ಮ್ಯಾಕ್ವಾರಿ ರಾಜೀನಾಮೆ ಕೊಟ್ಟು ಹೊರಟ. ತನ್ನ ಹೆಸರು ತೊಳೆದುಕೊಳ್ಳಲು ಒದ್ದಾಡುತ್ತಲೇ 1824ರ ಜುಲೈ 1ರಂದು ಲಂಡನ್ನಿನಲ್ಲಿ ತೀರಿಕೊಂಡ. ಮಲ್ ದ್ವೀಪದಲ್ಲಿರುವ ಅವನ ಗೋರಿಯ ಕಲ್ಲು ಅವನನ್ನು ಆಸ್ಟ್ರೇಲಿಯಾದ ಪಿತಾಮಹ ಅನ್ನುತ್ತೆ.

ಒಳ್ಳೆಯ ಮ್ಯಾಕ್ವಾರಿ, ಕೆಟ್ಟ ಮ್ಯಾಕ್ವಾರಿ ಅಂತ ಇಬ್ಬರನ್ನು ಮಾಡಿ ತೂಗೋದು ಸುಲಭ. ಆದರೆ ಅವನ ಔದಾರ್ಯಕ್ಕೂ ಆ ಹತ್ಯಾಕಾಂಡಕ್ಕೂ ನಡುವೆ ಇದ್ದದ್ದು ಒಂದೇ ನೆಲ. ಕೈದಿಗೆ ಕೊಟ್ಟ ಎರಡನೇ ಬದುಕಿನ ಬೆಲೆಯನ್ನು ಧಾರವಲ್ ಜನ ತೆತ್ತರು. ಅಪಿನ್‌ನ ಆ ಜಾಗವನ್ನು ರಾಜ್ಯ ಸರ್ಕಾರ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2022ರಲ್ಲಿ, 206 ವರ್ಷಗಳ ನಂತರ. ಯಾವುದೇ ಆಡಳಿತಗಾರ ಬಡವರಿಗೆ ಭೂಮಿ ಹಂಚಿದ ಅಂತ ಓದಿದಾಗ, ಅದು ಅಲ್ಲಿವರೆಗೆ ಯಾರ ಕೈಯಲ್ಲಿತ್ತು ಅಂತಲೂ ಕೇಳಿ.