ಕದಂಬ ಕಾಕುಸ್ಥವರ್ಮ: ಶ್ರೋತ್ರಿಯ ಮನೆತನದ ದೊರೆ, ಸಾಮ್ರಾಜ್ಯಗಳ ಬೀಗ

ಕರ್ನಾಟಕದ ಪ್ರಾಚೀನ ಅರಸರಲ್ಲಿ ಬನವಾಸಿಯ ಕದಂಬ ಕಾಕುಸ್ಥವರ್ಮನ ಹೆಸರು ಎರಡು ಕಾರಣಗಳಿಗಾಗಿ ಶಾಸನಾಭ್ಯಾಸಿಗಳಿಗೆ ಪರಿಚಿತವಾಗಿದೆ. ಹಲ್ಮಿಡಿ ಶಾಸನದಲ್ಲಿ ಉಲ್ಲೇಖಿತನಾದ ದೊರೆ ಇವನೇ ಎಂಬ ಬಹುಮಾನ್ಯ ಅಭಿಪ್ರಾಯ ಒಂದು. ಉತ್ತರದ ಗುಪ್ತರಿಗೆ ಹೆಣ್ಣು ಕೊಟ್ಟ ಕನ್ನಡ ನಾಡಿನ ಅರಸನೆಂಬ ಕೀರ್ತಿ ಇನ್ನೊಂದು. ಈ ಎರಡನೆಯ ಸಂಗತಿಯನ್ನು ಚರಿತ್ರೆಯ ಗ್ರಂಥಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ವೇದಾಧ್ಯಯನ ಮತ್ತು ಯಜ್ಞಕರ್ಮಗಳನ್ನೇ ನಚ್ಚಿದ್ದ ಮನೆತನವೊಂದು ನಾಲ್ಕು ತಲೆಮಾರುಗಳೊಳಗೆ ಅಂದಿನ ಭಾರತದ ಅತಿ ದೊಡ್ಡ ರಾಜಕುಲದೊಡನೆ ಬೀಗತನ ಬೆಳೆಸಿದ್ದು ಅಷ್ಟು ಸುಲಭವಾಗಿ ದಾಟಿಹೋಗುವ ಸಂಗತಿಯಲ್ಲ. ಕಾಕುಸ್ಥನ ಬದುಕನ್ನು ಅವನ ಯುದ್ಧಗಳ ಮೂಲಕ ಮಾತ್ರವಲ್ಲದೆ ಅವನ ಹೆಣ್ಣುಮಕ್ಕಳ ಮದುವೆಗಳ ಮೂಲಕವೂ ಪರಿಶೀಲಿಸಿದಾಗ, ಕದಂಬ ರಾಜ್ಯ ಯಾವ ಆಧಾರದ ಮೇಲೆ ನಿಂತಿತ್ತು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಕಾಕುಸ್ಥನ ಜೀವನಕ್ಕೆ ಮುಖ್ಯ ಆಕರ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನ. ಬಿ. ಎಲ್. ರೈಸ್ ಅವರ ಸರ್ವೇಕ್ಷಣೆಯಿಂದ ವಿದ್ವಲ್ಲೋಕದ ಗಮನ ಸೆಳೆದ ಈ ಸಂಸ್ಕೃತ ಶಾಸನವನ್ನು ಎಫ್. ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕಾದ 8ನೆಯ ಸಂಪುಟದಲ್ಲಿ ಸಂಪಾದಿಸಿದರು. ಕಾಕುಸ್ಥನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಇದನ್ನು ರಚಿಸಿ, ತಾನೇ ಕಲ್ಲಿನ ಮೇಲೆ ಬರೆದನು. ಮಗನ ಆಳ್ವಿಕೆಯಲ್ಲಿ ಸಿದ್ಧವಾದರೂ ಶಾಸನದ ಕೇಂದ್ರವ್ಯಕ್ತಿ ತಂದೆಯೇ ಆಗಿದ್ದಾನೆ. ಮನೆತನದ ಮೂಲಪುರುಷನ ಕಥೆಯೂ ಕಾಕುಸ್ಥನ ಏಳಿಗೆಗೆ ಪೀಠಿಕೆಯಂತೆ ಬರುತ್ತದೆ.

ಕುಬ್ಜನ ನಿರೂಪಣೆಯ ಪ್ರಕಾರ ಕದಂಬರು ಮಾನವ್ಯ ಗೋತ್ರದವರು, ಹಾರಿತೀಪುತ್ರರು. ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷವನ್ನು ಪೋಷಿಸಿದ ಕಾರಣ ಮನೆತನಕ್ಕೆ ಆ ಹೆಸರು ಬಂದಿತು. ಈ ಕುಲದ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಗೆ ತೆರಳಿ, ಅಲ್ಲಿನ ಘಟಿಕೆಯಲ್ಲಿ ವಿದ್ಯಾರ್ಥಿಯಾದನು. ಪಲ್ಲವರ ಕುದುರೆಸವಾರನೊಬ್ಬನೊಡನೆ ಉಂಟಾದ ಜಗಳ ಅವನ ಬದುಕಿನ ದಿಕ್ಕನ್ನೇ ಬದಲಿಸಿತು. ಬ್ರಾಹ್ಮಣ್ಯವು ಕ್ಷಾತ್ರದ ಮುಂದೆ ದುರ್ಬಲವಾಗಿರುವುದನ್ನು ಕಂಡು ಕೆರಳಿದ ಅವನು ದರ್ಭೆ ಸಮಿತ್ತುಗಳನ್ನು ಹಿಡಿದಿದ್ದ ಕೈಯಲ್ಲಿ ಖಡ್ಗ ಹಿಡಿದನು. ಪಲ್ಲವರ ಗಡಿರಕ್ಷಕರನ್ನು ಸೋಲಿಸಿ ಶ್ರೀಪರ್ವತದವರೆಗಿನ ದುರ್ಗಮ ಕಾಡನ್ನು ಆಕ್ರಮಿಸಿದನು. ಬೃಹದ್ಬಾಣರೇ ಮೊದಲಾದವರಿಂದ ಕಪ್ಪ ಪಡೆದನು. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಂಡು ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನೆಲವನ್ನು ಬಿಟ್ಟುಕೊಟ್ಟರು. ಸಾಮಾನ್ಯವಾಗಿ ಕ್ರಿ.ಶ. 345ರ ಸುಮಾರಿನದೆಂದು ಭಾವಿಸಲಾಗಿರುವ ಈ ಘಟನೆಯಿಂದ ಕದಂಬ ರಾಜ್ಯದ ಆರಂಭವನ್ನು ಗುರುತಿಸಲಾಗುತ್ತದೆ. ಮಯೂರಶರ್ಮನ ನಂತರ ಕಂಗವರ್ಮ, ಅವನ ನಂತರ ಭಗೀರಥ ಆಳಿದರು. ಮಯೂರನ ಮಗನ ಕಾಲದಿಂದಲೇ ಶರ್ಮ ಎಂಬುದು ಮರೆಯಾಗಿ ವರ್ಮ ಎಂಬುದು ನೆಲೆಗೊಂಡಿತು. ಭಗೀರಥನ ಮಕ್ಕಳು ರಘು ಮತ್ತು ಕಾಕುಸ್ಥ. ಸೂರ್ಯವಂಶದ ಪುರಾಣಪ್ರಸಿದ್ಧ ಅರಸರ ಹೆಸರುಗಳನ್ನು ಮಕ್ಕಳಿಗೆ ಇಟ್ಟಿರುವುದು ಮನೆತನದ ಆಕಾಂಕ್ಷೆ ಯಾವ ಕಡೆಗೆ ತಿರುಗಿತ್ತೆಂಬುದನ್ನು ಸೂಚಿಸುತ್ತದೆ.

ಅಣ್ಣ ರಘು ಆಳುತ್ತಿದ್ದಾಗ ಕಾಕುಸ್ಥ ಯುವರಾಜನಾಗಿದ್ದನೆಂದು ತಿಳಿಯಲಾಗಿದೆ. ಈ ಕಾಲದ್ದೆನ್ನಲಾದ ಒಂದು ತಾಮ್ರಪಟ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಅಂದರೆ ಪ್ರಾಚೀನ ಪಲಾಶಿಕೆಯಲ್ಲಿ ದೊರೆತಿದೆ. ತನ್ನನ್ನು ಕದಂಬರ ಯುವರಾಜನೆಂದು ಕರೆದುಕೊಂಡಿರುವ ಕಾಕುಸ್ಥನು ಖೇಟಗ್ರಾಮದಲ್ಲಿನ ಭೂಮಿಯನ್ನು ಸೇನಾಪತಿ ಶ್ರುತಕೀರ್ತಿಗೆ ದಾನ ಕೊಟ್ಟ ವಿಷಯ ಇದರಲ್ಲಿದೆ. ಪಟದಲ್ಲಿರುವ 80ನೆಯ ವರ್ಷವನ್ನು ಕೆಲವರು ಗುಪ್ತ ಶಕೆಯದೆಂದೂ ಕೆಲವರು ಮಯೂರನ ರಾಜ್ಯಸ್ಥಾಪನೆಯಿಂದ ಎಣಿಸಿದ್ದೆಂದೂ ವಿವರಿಸಿದ್ದಾರೆ. ಕಾಲಗಣನೆಯ ಚರ್ಚೆ ಏನೇ ಇರಲಿ, ದಾನ ಪಡೆದವನು ಜೈನನಾಗಿದ್ದ ದಂಡನಾಯಕ ಎಂಬುದು ಗಮನಾರ್ಹ. ಮೊಮ್ಮಗನ ಮಗ ರವಿವರ್ಮನ ಹಲಸಿ ತಾಮ್ರಪಟದಲ್ಲಿಯೂ ಈ ದಾನದ ಸ್ಮರಣೆ ಉಳಿದಿದೆ. ವೈದಿಕ ಕುಲದ ರಾಜಕುಮಾರ ತನ್ನ ಅಧಿಕಾರದ ಮೊದಲ ಹಂತದಲ್ಲಿಯೇ ಕುಲಾಚಾರದ ಎಲ್ಲೆಯ ಹೊರಗಿನವರೊಡನೆ ನಿಷ್ಠೆಯ ಸಂಬಂಧವನ್ನು ಕಟ್ಟಿಕೊಂಡಿದ್ದನು.

ಐದನೆಯ ಶತಮಾನದ ಪೂರ್ವಾರ್ಧದಲ್ಲಿ ಕಾಕುಸ್ಥ ಪಟ್ಟಕ್ಕೆ ಬಂದನು. ಬಲಶಾಲಿಗಳೊಡನೆ ಹೋರಾಟ, ದೀನರಲ್ಲಿ ದಯೆ, ಪ್ರಜಾಪಾಲನೆ ಇವು ಅವನ ಗುಣಗಳೆಂದು ಕುಬ್ಜ ಹೇಳುತ್ತಾನೆ. ನೆರೆಯ ಸಾಮಂತರು ಅವನಿಗೆ ತಲೆಬಾಗಿದ್ದರೆಂದೂ ತಿಳಿಸುತ್ತಾನೆ. ಈ ಪ್ರಶಂಸೆಗೆ ರಣರಂಗದ ಹಿನ್ನೆಲೆಯನ್ನು ಒದಗಿಸುವುದು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕನ್ನಡ ಶಾಸನ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನ ದೀರ್ಘಕಾಲ ಕನ್ನಡದ ಮೊದಲ ಶಾಸನವೆಂಬ ಸ್ಥಾನವನ್ನು ಪಡೆದಿತ್ತು. ತಾಳಗುಂದದ ಸಿಂಹಕಟಾಂಜನ ಶಾಸನ ಪ್ರಕಟವಾದ ಮೇಲೆ ಆ ಸ್ಥಾನ ಚರ್ಚೆಗೊಳಗಾಗಿದೆ. ಕದಂಬ ಕಾಕುಸ್ಥ ಆಳುತ್ತಿದ್ದಾಗ ಕೇಕಯ ಮತ್ತು ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸನಿಗೆ ಬಾಳ್ಗಳ್ಚು ದತ್ತಿ ದೊರೆತುದನ್ನು ಹಲ್ಮಿಡಿ ಶಾಸನ ದಾಖಲಿಸುತ್ತದೆ. ಮಯೂರನಿಗೆ ನೆಲ ಬಿಟ್ಟುಕೊಟ್ಟಿದ್ದ ಪಲ್ಲವರು ಮರಿಮಗನ ಕಾಲಕ್ಕೂ ಶತ್ರುಗಳಾಗಿಯೇ ಉಳಿದಿದ್ದರು. ಅವರೊಡನೆ ಕೇಕಯರೂ ಎದುರು ನಿಂತಿದ್ದರು. ಕತ್ತಿಯಿಂದ ಪಡೆದ ರಾಜ್ಯವನ್ನು ಕತ್ತಿಯಿಂದ ಮಾತ್ರವೇ ಉಳಿಸಿಕೊಳ್ಳುವುದು ಕಷ್ಟವೆಂಬುದನ್ನು ಕಾಕುಸ್ಥ ಅರಿತಿದ್ದನೆಂದು ಅವನು ಬೆಳೆಸಿದ ಸಂಬಂಧಗಳಿಂದ ಊಹಿಸಬಹುದು.

ತಾಳಗುಂದ ಶಾಸನದ ಪ್ರಸಿದ್ಧ ಪದ್ಯ ಈ ಸಂಬಂಧಗಳನ್ನು ಒಂದು ರೂಪಕದಲ್ಲಿ ಹೇಳುತ್ತದೆ. ಗುಪ್ತರು ಮೊದಲಾದ ರಾಜಕುಲಗಳು ಅಲ್ಲಿ ತಾವರೆಗಳು, ಕಾಕುಸ್ಥ ಸೂರ್ಯ, ಅವನ ಹೆಣ್ಣುಮಕ್ಕಳು ಆ ತಾವರೆಗಳನ್ನು ಅರಳಿಸಿದ ಕಿರಣಗಳು. ಕವಿಸಮಯಕ್ಕೆ ಅನುಗುಣವಾದ ಈ ರೂಪಕದ ರಾಜಕೀಯ ಧ್ವನಿಯನ್ನು ಗಮನಿಸಬೇಕು. ವಿಸ್ತಾರದಲ್ಲಿಯೂ ಸಂಪತ್ತಿನಲ್ಲಿಯೂ ಹಿರಿದಾದ ಗುಪ್ತ ಕುಲ ಇಲ್ಲಿ ಅರಳಿಸಿಕೊಳ್ಳುವ ಹೂವು. ಚಿಕ್ಕ ರಾಜ್ಯದ ಕದಂಬ ದೊರೆ ಅರಳಿಸುವ ಬೆಳಕು. ಕನ್ಯೆಯನ್ನು ಕೊಟ್ಟವನು ಪಡೆದವನಿಗಿಂತ ಕೆಳಗಿನವನೆಂಬ ಭಾವನೆಯನ್ನು ಕವಿ ತಲೆಕೆಳಗು ಮಾಡಿದ್ದಾನೆ. ಕಂಚಿಯಲ್ಲಿ ಕುದುರೆಸವಾರನಿಂದ ಅವಮಾನಿತವಾದ ಮನೆತನ ಈಗ ಸಾಮ್ರಾಜ್ಯಗಳಿಗೆ ಬೆಳಕನ್ನೀಯುವ ಮನೆತನವಾಗಿದೆ ಎಂಬುದೇ ಶಾಸನದ ಒಟ್ಟು ಅಭಿಪ್ರಾಯ.

ಈ ಮದುವೆ ಗುಪ್ತರ ಯಾವ ಅರಸನ ಕಾಲದಲ್ಲಿ ನಡೆಯಿತೆಂಬುದನ್ನು ಶಾಸನ ಹೇಳುವುದಿಲ್ಲ. ವಿದ್ವಾಂಸರು ಸಾಮಾನ್ಯವಾಗಿ ಒಂದನೆಯ ಕುಮಾರಗುಪ್ತನ ಕಾಲವನ್ನು ಸೂಚಿಸಿದ್ದಾರೆ. ಕಾಳಿದಾಸ ಕುಂತಲದ ಅರಸನಲ್ಲಿಗೆ ದೂತನಾಗಿ ಬಂದಿದ್ದನೆಂಬ ಐತಿಹ್ಯ ಕ್ಷೇಮೇಂದ್ರ ಮತ್ತು ಭೋಜರ ಅಲಂಕಾರ ಗ್ರಂಥಗಳ ಮೂಲಕ ಉಳಿದುಬಂದಿದೆ. ಅದನ್ನು ಈ ಬೀಗತನಕ್ಕೆ ಜೋಡಿಸಿದವರೂ ಇದ್ದಾರೆ. ಆದರೆ ಆ ಕುಂತಲೇಶ್ವರ ಯಾರೆಂಬುದು ವಿವಾದಾಸ್ಪದ. ವಾಕಾಟಕರ ಬಾಲಾಘಾಟ್ ತಾಮ್ರಪಟ ಇನ್ನಷ್ಟು ನೇರವಾದ ಸುಳಿವನ್ನು ಕೊಡುತ್ತದೆ. ನರೇಂದ್ರಸೇನನ ರಾಣಿ ಅಜ್ಝಿತಭಟ್ಟಾರಿಕೆ ಕುಂತಲಾಧಿಪತಿಯ ಮಗಳೆಂದು ಅದು ತಿಳಿಸುತ್ತದೆ. ಆ ಕುಂತಲಾಧಿಪತಿ ಕಾಕುಸ್ಥನೇ ಎಂದು ಅನೇಕ ಚರಿತ್ರಕಾರರು ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದಲ್ಲಿ ಕಾಕುಸ್ಥನ ಹೆಣ್ಣುಮಕ್ಕಳಲ್ಲಿ ಹೆಸರು ಉಳಿದವಳು ಇವಳು. ಆ ಹೆಸರು ಉಳಿದಿರುವುದು ತವರಿನ ಶಾಸನದಲ್ಲಲ್ಲ, ಸೇರಿದ ಮನೆಯ ಶಾಸನದಲ್ಲಿ.

ಗಂಗರೊಡನೆ ಏರ್ಪಟ್ಟ ಸಂಬಂಧ ಕನ್ನಡ ನಾಡಿನ ಒಳಗೇ ಪರಿಣಾಮ ಬೀರಿತು. ಗಂಗರ ತಾಮ್ರಪಟಗಳು ಅವಿನೀತನನ್ನು ಕದಂಬ ಕುಲವೆಂಬ ಆಕಾಶಕ್ಕೆ ಸೂರ್ಯನಂತಿದ್ದ ಕೃಷ್ಣವರ್ಮನ ಪ್ರೀತಿಯ ಸೋದರಳಿಯನೆಂದು ವರ್ಣಿಸುತ್ತವೆ. ಈ ಕೃಷ್ಣವರ್ಮನನ್ನು ಕಾಕುಸ್ಥನ ಮಗನೆಂದು ಗ್ರಹಿಸುವವರ ಪ್ರಕಾರ ಅವಿನೀತನ ತಾಯಿ, ಅಂದರೆ ಗಂಗ ಮಾಧವನ ರಾಣಿ, ಕಾಕುಸ್ಥನ ಮಗಳು. ಅವಿನೀತ ತಾಯಿಯ ಮಡಿಲಲ್ಲಿರುವಾಗಲೇ ರಾಜ್ಯಾಭಿಷಿಕ್ತನಾದನೆಂದು ಗಂಗ ಶಾಸನಗಳು ಹೇಳುತ್ತವೆ. ಎಳೆಯ ಮಗನ ರಾಜ್ಯವನ್ನು ಕಾಪಾಡಿದ ಆ ತಾಯಿಯ ಹೆಸರಿನ ಬದಲಿಗೆ ಅವಳ ಅಣ್ಣತಮ್ಮನ ಹೆಸರು ಗಂಗರ ಪ್ರಶಸ್ತಿಯಲ್ಲಿ ಪೀಳಿಗೆಗಳವರೆಗೆ ಮುಂದುವರಿಯಿತು. ಕಾಕುಸ್ಥನಿಗೆ ತುಸು ಮೊದಲು ವಾಕಾಟಕರ ಮನೆ ಸೇರಿದ ಗುಪ್ತ ರಾಜಕುಮಾರಿ ಪ್ರಭಾವತಿಗುಪ್ತೆ ಎಳೆಯ ಮಕ್ಕಳ ಪರವಾಗಿ ಆಳಿ, ತನ್ನ ಹೆಸರಿನಲ್ಲಿಯೇ ತಾಮ್ರಪಟ ಹೊರಡಿಸಿ, ತವರಿನ ವಂಶಾವಳಿಯನ್ನೇ ಅದರಲ್ಲಿ ಬರೆಸಿದ್ದಳು. ಅಂತಹ ದಾಖಲೆ ಕದಂಬ ಹೆಣ್ಣುಮಕ್ಕಳ ಪಾಲಿಗೆ ದೊರೆತಿಲ್ಲ.

ಬ್ರಾಹ್ಮಣ ಮೂಲದ ಕುಲವೊಂದು ಬ್ರಾಹ್ಮಣೇತರರೆಂದು ಹಲವರು ಭಾವಿಸುವ ಗುಪ್ತರಿಗೆ ಹೆಣ್ಣು ಕೊಡುವುದು ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಪ್ರತಿಲೋಮ. ಕುಬ್ಜ ಇದನ್ನು ಮುಚ್ಚಿಡುವುದಿಲ್ಲ, ಸಮರ್ಥಿಸಲು ಯತ್ನಿಸುವುದೂ ಇಲ್ಲ. ದೊರೆಯ ಹಿರಿಮೆಯಾಗಿ ಹಾಡುತ್ತಾನೆ. ಅದೇ ಶಾಸನದ ಆರಂಭದಲ್ಲಿ ಕುಲದ ಶ್ರೌತ ಪರಂಪರೆಯನ್ನು ಅಷ್ಟೇ ಅಭಿಮಾನದಿಂದ ಹೇಳುತ್ತಾನೆ. ಹಳೆಯ ಬ್ರಾಹ್ಮಣ್ಯದ ಗೌರವವನ್ನು ಬಿಡದೆ ರಾಜಕುಲದ ಮದುವೆಯ ರೂಢಿಯನ್ನು ಅಪ್ಪಿಕೊಂಡದ್ದು ಕಾಕುಸ್ಥನ ಕಾಲದ ಸಾಧನೆ. ಮಯೂರನ ಖಡ್ಗ ಅರ್ಧಕ್ಕೆ ತಂದಿದ್ದ ವರ್ಣಪರಿವರ್ತನೆ ಹೆಣ್ಣುಮಕ್ಕಳ ಮದುವೆಗಳಿಂದ ಪೂರ್ತಿಯಾಯಿತು.

ತನ್ನ ಕೊನೆಯ ವರ್ಷಗಳ ಯಾವುದೋ ಹಂತದಲ್ಲಿ ಕಾಕುಸ್ಥ ತಾಳಗುಂದದಲ್ಲಿ ಕೆರೆ ಕಟ್ಟಿಸಿದನು. ಶಾತಕರ್ಣಿಯೇ ಮೊದಲಾದ ಹಿಂದಿನ ಅರಸರು ಪೂಜಿಸಿದ್ದ ಶಿವಾಲಯದ ಬಳಿಯ ಆ ಕೆರೆಯ ನೆನಪಿಗಾಗಿಯೇ ಸ್ತಂಭಶಾಸನ ಹುಟ್ಟಿತು. ಅವನ ನಂತರ ಶಾಂತಿವರ್ಮ ಬನವಾಸಿಯಲ್ಲಿ ಆಳಿದನು. ಇನ್ನೊಬ್ಬ ಮಗ ಕೃಷ್ಣವರ್ಮನಿಂದ ತ್ರಿಪರ್ವತದ ಶಾಖೆ ಆರಂಭವಾಯಿತು.

ಈ ವಿಭಜನೆಯ ಸಂದರ್ಭವನ್ನು ತಿಳಿಸುವ ಆಕರ ಕಡೂರು ತಾಲ್ಲೂಕಿನ ಬೀರೂರಿನ ತಾಮ್ರಪಟ. ರೈಸ್ ಅವರ ಕಡೂರು ಜಿಲ್ಲೆಯ ಶಾಸನ ಸಂಪುಟ (1901) ಇದನ್ನು ಒಳಗೊಂಡಿದೆ. ಕೃಷ್ಣವರ್ಮನ ಮಗ ವಿಷ್ಣುವರ್ಮ ದೊಡ್ಡಪ್ಪ ಶಾಂತಿವರ್ಮನ ಅನುಮತಿ ಪಡೆದು ದಾನ ಮಾಡಿದ್ದನ್ನು ಅದು ತಿಳಿಸುತ್ತದೆ. ಶಾಂತಿವರ್ಮನನ್ನು ಸಮಗ್ರ ಕರ್ಣಾಟ ಭೂಭಾಗದ ಒಡೆಯನೆಂದು ಕರೆಯುತ್ತದೆ. ಇದೇ ಶಾಖೆಯ ದಾಖಲೆಗಳಿಂದ ವಿಷ್ಣುವರ್ಮನ ತಾಯಿ ಕೇಕಯ ಕುಲದವಳೆಂದು ತಿಳಿಯುತ್ತದೆ. ಶಾಂತಿವರ್ಮನ ಮಗ ಮೃಗೇಶವರ್ಮನ ರಾಣಿ ಪ್ರಭಾವತಿಯೂ ಕೇಕಯರವಳೇ. ಕೇಕಯ ಶಿವನಂದವರ್ಮನ ಶಾಸನವಿರುವ ಆನಗೋಡು ಸೀಮೆಯ ಆನಜಿ ದಾವಣಗೆರೆಯ ಬಳಿ ಇದೆ. ಅಲ್ಲಿಂದ ತೆಂಕಣಕ್ಕೆ ಬೀರೂರಿನ ಹಾದಿಯಲ್ಲಿ ಅಜ್ಜಂಪುರವೂ, ತಾಳಗುಂದದ ಕಡೆಯಿಂದ ಬೀರೂರಿಗೆ ಬರುವ ಹಾದಿಯಲ್ಲಿ ತರೀಕೆರೆಯೂ ಸಿಗುತ್ತವೆ. ಬನವಾಸಿಯ ಹಿರಿಯ ಶಾಖೆ, ತೆಂಕಣದ ಕಿರಿಯ ಶಾಖೆ ಮತ್ತು ಕೇಕಯರ ನೆಲ ಇವುಗಳ ನಡುವಿನ ಈ ಪ್ರದೇಶದಲ್ಲಿ ದೊರೆತ ಪಟವೊಂದು ಕಾಕುಸ್ಥನ ಮೊಮ್ಮಗನ ಕಾಲದ ಬಾಂಧವ್ಯಗಳನ್ನು ತೆರೆದಿಡುವುದು ಸಹಜವೇ ಆಗಿದೆ. ಹಲ್ಮಿಡಿಯಲ್ಲಿ ಶತ್ರುಗಳಾಗಿ ಕಾಣುವ ಕೇಕಯರು ಮುಂದಿನ ಎರಡು ತಲೆಮಾರುಗಳಲ್ಲಿ ಬೀಗರಾದರು.

ಕಾಕುಸ್ಥವರ್ಮನನ್ನು ಕದಂಬರ ಅತ್ಯಂತ ಪ್ರಬಲ ಅರಸನೆಂದು ವರ್ಣಿಸುವಾಗ ಅವನ ಶೌರ್ಯಕ್ಕೆ ದೊರೆತಷ್ಟು ಗಮನ ಅವನ ಮನೆಯ ಹೆಣ್ಣುಮಕ್ಕಳಿಗೆ ದೊರೆತಿಲ್ಲ. ಗುಪ್ತ, ವಾಕಾಟಕ, ಗಂಗ ಮನೆತನಗಳ ನಡುವೆ ಬನವಾಸಿಗೆ ಸಮಾನ ಸ್ಥಾನ ತಂದುಕೊಟ್ಟವರು ಅವರು. ತಾಳಗುಂದದ ಕವಿ ಅವರನ್ನು ಕಿರಣಗಳೆಂದು ಕರೆದು ಗೌರವಿಸಿದನು, ಆದರೆ ಒಬ್ಬಳ ಹೆಸರನ್ನೂ ಬರೆಯಲಿಲ್ಲ. ಸೂರ್ಯನ ಚರಿತ್ರೆ ಪೂರ್ಣವಾಗಬೇಕಾದರೆ ಆ ಕಿರಣಗಳು ತಲುಪಿದ ಮನೆಗಳ ತಾಮ್ರಪಟಗಳನ್ನು ಕದಂಬ ಶಾಸನಗಳ ಜೊತೆಗಿಟ್ಟು ಓದುವುದು ಅಗತ್ಯ.