ಟಿಪ್ಪುವಿನ ಹಡಗಿಗೆ ತಾಮ್ರದ ಹೊದಿಕೆ

ಮಕ್ಕಳೇ, ತುರ್ವಿಹಾಳದಲ್ಲಿ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದದ್ದನ್ನು ನೀವು ನೋಡಿರಬಹುದು. ಸಮುದ್ರದಲ್ಲೂ ಮರ ಕೊರೆಯುವ ಜೀವಿಯಿದೆ. ಅದನ್ನು ಹಡಗುಹುಳು ಎನ್ನುತ್ತಾರೆ. ನಿಜವಾಗಿ ಅದು ಹುಳುವಲ್ಲ, ಕಪ್ಪೆಚಿಪ್ಪಿನ ಬಳಗದ್ದು!

1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ರಾಕೆಟ್‌ಗಳ ಬಗ್ಗೆ ನೀವು ಓದಿರುತ್ತೀರಿ. ಆತನ ಹಡಗುಗಳ ವಿಷಯ ಕೇಳಿದ್ದೀರಾ? ಆಗ ದೊಡ್ಡ ಹಡಗುಗಳೆಲ್ಲ ಮರದವೇ. 1780ರಲ್ಲಿ ತಂದೆ ಹೈದರಾಲಿಯ ಹಡಗುಗಳನ್ನು ಬ್ರಿಟಿಷರು ಮಂಗಳೂರು ಬಂದರಿನಲ್ಲೇ ನಾಶಮಾಡಿದರು. 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಮುಂದೆ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಿಸಲು ಯೋಜನೆ ಹಾಕಿದನು. ಅವುಗಳ ತಳಕ್ಕೆ ತಾಮ್ರ ಹೊದಿಸಲು ಆಜ್ಞೆ ಮಾಡಿದನು.

ತಾಮ್ರವೇ ಏಕೆ? ತಗಡು ಅಡ್ಡವಿದ್ದರೆ ಹಡಗುಹುಳು ಮರವನ್ನು ಮುಟ್ಟಲಾರದು. ಅಲ್ಲದೆ ತಾಮ್ರವು ಉಪ್ಪುನೀರಿನಲ್ಲಿ ತುಸುತುಸುವೇ ಕರಗುತ್ತದೆ. ಅದು ಪಾಚಿಗೆ, ಚಿಪ್ಪುಜೀವಿಗಳಿಗೆ ವಿಷ. ಅವು ಅಂಟಿಕೊಳ್ಳದಿದ್ದರೆ ಹಡಗು ಬೇಗ ಸಾಗುತ್ತದೆ. ಒಂದು ತೊಡಕೂ ಇದೆ: ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ಬಲುಬೇಗ ತುಕ್ಕು ಹಿಡಿದು ಸವೆಯುತ್ತದೆ.

ಯೋಜನೆ ಪೂರ್ಣವಾಗುವ ಮೊದಲೇ, 1799ರ ಮೇ 4ರಂದು, ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಾ ಮಡಿದನು. ಮುಂದಿನ ಶತಮಾನದಲ್ಲಿ ಕಬ್ಬಿಣದ ಹಡಗುಗಳು ಬಂದವು, ಬಳಿಕ ಉಕ್ಕಿನವು. ಉಕ್ಕನ್ನು ಹಡಗುಹುಳು ಕೊರೆಯಲಾರದು. ಚಿಪ್ಪುಜೀವಿಗಳು ಮಾತ್ರ ಅದಕ್ಕೂ ಅಂಟುತ್ತವೆ. ಆದ್ದರಿಂದಲೇ ಹಡಗಿನ ತಳಕ್ಕೆ ಬಳಿಯುವ ಅನೇಕ ಬಣ್ಣಗಳಲ್ಲಿ ಇಂದಿಗೂ ತಾಮ್ರ ಬೆರೆಸುತ್ತಾರೆ.