ಬಟಾಣಿಯ ಮೊಳಕೆ ಮತ್ತು ಚಿತ್ರೋದ್ಯಮ: ದಾದಾಸಾಹೇಬ ಫಾಲ್ಕೆ

ಭಾರತೀಯ ಚಿತ್ರರಂಗದ ಪಿತಾಮಹರೆಂದು ಮನ್ನಣೆ ಪಡೆದ ದಾದಾಸಾಹೇಬ ಫಾಲ್ಕೆ ಅವರ ಹೆಸರು ‘ರಾಜಾ ಹರಿಶ್ಚಂದ್ರ’ ಚಿತ್ರದೊಡನೆ ಬೆಸೆದುಕೊಂಡಿದೆ. ಆದರೆ ಆ ಪೌರಾಣಿಕ ಚಿತ್ರಕ್ಕೆ ಬಂಡವಾಳ ದೊರಕಿಸಿಕೊಟ್ಟದ್ದು ಸಸ್ಯಶಾಸ್ತ್ರದ ಒಂದು ಪುಟ್ಟ ಪಾಠವೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಧುಂಡಿರಾಜ ಗೋವಿಂದ ಫಾಲ್ಕೆ 1870ರ ಏಪ್ರಿಲ್ 30ರಂದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಯೂ ಬರೋಡೆಯ ಕಲಾಭವನದಲ್ಲಿಯೂ ಕಲಿತು, ಛಾಯಾಗ್ರಹಣ ಮತ್ತು ಮುದ್ರಣಗಳಲ್ಲಿ ಪರಿಣತಿ ಗಳಿಸಿದರು. ಪುರಾತತ್ವ ಇಲಾಖೆಯ ನೌಕರಿಯನ್ನು ಬಿಟ್ಟು ಮುದ್ರಣಾಲಯ ಸ್ಥಾಪಿಸಿದರು. ಪಾಲುದಾರರೊಡನೆ ವಿರಸವುಂಟಾಗಿ ಅದನ್ನೂ ತೊರೆದರು. ಮುಂಬಯಿಯಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಚಲನಚಿತ್ರವೊಂದನ್ನು ನೋಡಿದ ಬಳಿಕ ಅವರ ಬದುಕಿನ ದಿಕ್ಕೇ ಬದಲಾಯಿತು. ವಿಮಾ ಪಾಲಿಸಿಯನ್ನು ಅಡವಿಟ್ಟು, 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮರಾದೊಡನೆ ಮರಳಿದರು.

ಸಾಲ ಕೊಡುವವರಿಗೆ ಈ ಹೊಸ ವಿದ್ಯೆಯಲ್ಲಿ ನಂಬಿಕೆ ಹುಟ್ಟಬೇಕಾಗಿತ್ತು. ಫಾಲ್ಕೆ ಕುಂಡದಲ್ಲಿ ಬಟಾಣಿ ಬಿತ್ತಿ, ದಿನಕ್ಕೊಂದು ಚೌಕಟ್ಟಿನಂತೆ ತಿಂಗಳಿಗೂ ಮಿಕ್ಕಿ ಅದರ ಬೆಳವಣಿಗೆಯನ್ನು ಸೆರೆಹಿಡಿದರು. ತೆರೆಯ ಮೇಲೆ ಕ್ಷಣಮಾತ್ರದಲ್ಲಿ ಬೀಜ ಮೊಳೆತು ಬಳ್ಳಿಯಾದುದನ್ನು ಕಂಡ ಯಶವಂತರಾವ್ ನಾಡಕರ್ಣಿ ಮತ್ತು ನಾರಾಯಣರಾವ್ ದೇವಹರೆ ಹಣ ನೀಡಲು ಒಪ್ಪಿದರು. ದಾದರಿನಲ್ಲಿ ಚಿತ್ರೀಕರಣಗೊಂಡ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಗಿರಗಾಂವಿನ ಕಾರೊನೇಶನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಪತ್ನಿ ಸರಸ್ವತೀಬಾಯಿ ಒಡವೆಗಳನ್ನಿತ್ತುದಲ್ಲದೆ ಫಿಲ್ಮ್ ಸಂಸ್ಕರಣೆಯ ಕೆಲಸಕ್ಕೂ ಹೆಗಲು ಕೊಟ್ಟರು.

ಕಥಾಚಿತ್ರಗಳಲ್ಲಿ ಯಶಸ್ಸು ಕಂಡ ಮೇಲೂ ಫಾಲ್ಕೆ ಬೋಧನೆಯ ಹಾದಿಯನ್ನು ಕೈಬಿಡಲಿಲ್ಲ. ಗಾಜಿನ ಕಾರ್ಖಾನೆಯ ಕೆಲಸ, ಉತ್ಸವಗಳು, ಗೋದಾವರಿಯ ನೋಟಗಳು ಅವರ ಕಿರುಚಿತ್ರಗಳಿಗೆ ವಸ್ತುವಾದವು. ಚಿತ್ರಪಟ ಹೇಗೆ ಸಿದ್ಧಗೊಳ್ಳುತ್ತದೆ ಎಂಬುದನ್ನೇ ತೋರಿಸುವ ಚಿತ್ರವನ್ನು 1917ರಲ್ಲಿ ತಯಾರಿಸಿದರು. ತಮ್ಮ ಕಸುಬಿನ ಗುಟ್ಟನ್ನು ಮುಚ್ಚಿಡದೆ ದೇಶೀಯ ಉದ್ಯಮವಾಗಿ ಬೆಳೆಸಬೇಕೆಂಬ ಸ್ವದೇಶೀ ನಿಷ್ಠೆ ಇದರ ಹಿಂದಿತ್ತೆನ್ನಬಹುದು.

1918ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ ಸಿನಿಮಾ ಫಿಲ್ಮ್ಸ್ ಕಂಪನಿಯ ಪಾಲುದಾರರೊಡನೆಯೂ ಅವರಿಗೆ ಹೊಂದಾಣಿಕೆಯಾಗಲಿಲ್ಲ. ‘ಗಂಗಾವತರಣ’ದ (1937) ಬಳಿಕ ನೇಪಥ್ಯಕ್ಕೆ ಸರಿದ ಅವರು 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ನಿಧನರಾದರು. ಅವರ ಹೆಸರಿನ ಪ್ರಶಸ್ತಿ ಕನ್ನಡದ ರಾಜಕುಮಾರ್ ಅವರಿಗೂ, ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೂ ಸಂದಿತು. ಕಿರುಚಿತ್ರಗಳಾದರೋ ಬಹುಪಾಲು ಉಳಿದುಬರಲಿಲ್ಲ.

ದಾದರಿನಿಂದ ಠಾಣೆ ಕೊಲ್ಲಿಯನ್ನು ದಾಟಿದರೆ ಸಾನಪಾಡಾ, ತುರ್ಭೆಗಳ ಕೈಗಾರಿಕಾ ಪರಿಸರ ಎದುರಾಗುತ್ತದೆ. ಯಂತ್ರದ ಬಳಕೆಯನ್ನು ತೆರೆಯ ಮೇಲೆ ನೋಡಿ ಕಲಿಯುವ ಕಾರ್ಮಿಕನೂ, ಬೀಜದ ಮೊಳೆಯುವಿಕೆಯನ್ನು ತರಗತಿಯಲ್ಲಿ ಕಾಣುವ ವಿದ್ಯಾರ್ಥಿಯೂ ಆ ಬಟಾಣಿಯ ಬಳ್ಳಿಗೆ ಋಣಿಗಳು. ಫಾಲ್ಕೆ ಅವರನ್ನು ಕಥೆಗಾರರೆಂದು ಮಾತ್ರ ನೆನೆಯುವುದು ಅವರ ಸಾಧನೆಯ ಅರ್ಧವನ್ನೇ ನೆನೆದಂತೆ.